ಮೋಟರ್‌ಹೋಮ್ ಎಸಿಗೆ ಎಕ್ಸ್‌ಟೆನ್ಷನ್ ಕೇಬಲ್ ಆರಿಸುವ ಬಗೆ: ಉದ್ದ, ದಪ್ಪ, ಪ್ಲಗ್

ನನ್ನ ಉಪಕರಣಗಳ ಪೆಟ್ಟಿಗೆಯಲ್ಲಿ ಒಂದು ಸುಟ್ಟ ಪ್ಲಗ್ ಇದೆ. ಒಂದು ಪಿನ್ನಿನ ಬುಡ ಕಪ್ಪಾಗಿದೆ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಒಂದು ಬದಿಗೆ ಇಳಿದಿದೆ. ಮೋಟರ್‌ಹೋಮ್‌ನ (ಒಳಗೇ ವಾಸಿಸಬಹುದಾದ ವಾಹನ) ಚಾವಣಿಯ ಎಸಿಗೆ ಮನೆಯ ಸಾಕೆಟ್‌ನಿಂದ ಕರೆಂಟ್ ಕೊಟ್ಟಿದ್ದ ಎಕ್ಸ್‌ಟೆನ್ಷನ್ ಕೇಬಲಿನ ತುದಿ ಅದು. ರಾತ್ರಿಯೆಲ್ಲ ಎಸಿ ಯಾವ ತೊಂದರೆಯೂ ಇಲ್ಲದೆ ಓಡಿತ್ತು. ಮರುದಿನ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಸುಟ್ಟ ವಾಸನೆ ಬಂತು. ಕೇಬಲ್, ಸಾಕೆಟ್, ಎಸಿ ಎಲ್ಲವೂ ಹಿಂದಿನ ರಾತ್ರಿಯವೇ. ಬಿಸಿಲೊಂದು ಏರಿತ್ತು.

ಅಂದಿನಿಂದ ಕೇಬಲ್ ಆರಿಸುವಾಗ ನಾನು ಎರಡು ಗಳಿಗೆಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ: ಕಂಪ್ರೆಸರ್ ಚಾಲೂ ಆಗುವ ಆ ಅರೆಕ್ಷಣ, ಮತ್ತು ದಿನದ ಅತಿ ಬಿಸಿಯಾದ ತಾಸು. ಹೊರಗಿನ ಶಾಖ ಹೆಚ್ಚಿದಷ್ಟೂ ಎಸಿಯ ಕಂಡೆನ್ಸರ್‌ನಲ್ಲಿ (ಶಾಖವನ್ನು ಹೊರಗೆ ಬಿಡುವ ಭಾಗ) ಒತ್ತಡ ಏರುತ್ತದೆ, ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಅದೇ ಹೊತ್ತಿಗೆ ನೆಲದ ಮೇಲೆ ಬಿಸಿಲಿಗೆ ಬಿದ್ದಿರುವ ಕೇಬಲ್ ಕೂಡ ಕಾದಿರುತ್ತದೆ, ತನ್ನ ಶಾಖವನ್ನು ಹೊರಗೆ ಬಿಡಲು ಅದಕ್ಕೆ ಕಷ್ಟವಾಗುತ್ತದೆ. ತಂಪಾದ ಸಂಜೆ ಪರೀಕ್ಷಿಸಿ "ಈ ಕೇಬಲ್ ಸಾಕು" ಎಂದು ತೀರ್ಮಾನಿಸುವುದು ಇದೇ ಕಾರಣಕ್ಕೆ ಅಪಾಯಕರ.

ಹಂತ 1: ಎಸಿಯ ಫಲಕ ಓದಿ

ಚಾವಣಿಯ ಎಸಿಗೆ ಅಂಟಿಸಿರುವ ಲೋಹದ ಫಲಕದಲ್ಲಿ ಅಥವಾ ಅದರ ಕೈಪಿಡಿಯಲ್ಲಿ ನಿಮಗೆ ಬೇಕಾದ ಮೂರು ಅಂಕಿಗಳಿರುತ್ತವೆ. ಕಂಪ್ರೆಸರ್ ಓಡುವಾಗ ಎಳೆಯುವ ಕರೆಂಟ್‌ಗೆ ಆರ್‌ಎಲ್‌ಎ ಎಂದೂ, ಫ್ಯಾನ್‌ನ ಕರೆಂಟ್‌ಗೆ ಎಫ್‌ಎಲ್‌ಎ ಎಂದೂ, ಕಂಪ್ರೆಸರ್ ಇನ್ನೂ ತಿರುಗದೆ ನಿಂತಿರುವಾಗ ಎಳೆಯುವ ಕರೆಂಟ್‌ಗೆ ಎಲ್‌ಆರ್‌ಎ ಎಂದೂ ಬರೆದಿರುತ್ತಾರೆ. ಮೊದಲ ಎರಡನ್ನು ಕೂಡಿಸಿದರೆ ಎಸಿ ನಿರಂತರವಾಗಿ ಬೇಡುವ ಆಂಪಿಯರ್ ಸಿಗುತ್ತದೆ. ಮೂರನೆಯದು ಚಾಲೂ ಆಗುವ ಕ್ಷಣದ ಹೊಡೆತ.

ಉತ್ತರ ಅಮೆರಿಕದ 120 ವೋಲ್ಟ್ ವ್ಯವಸ್ಥೆಯಲ್ಲಿ 13,500 ಬಿಟಿಯು (ತಂಪು ಮಾಡುವ ಸಾಮರ್ಥ್ಯದ ಅಳತೆ) ಎಸಿ ಓಡುವಾಗ ಸುಮಾರು 12ರಿಂದ 15 ಆಂಪಿಯರ್ ಎಳೆಯುತ್ತದೆ, 15,000 ಬಿಟಿಯುದು ಸುಮಾರು 13ರಿಂದ 16. ಚಾಲೂ ಆಗುವ ಕ್ಷಣದಲ್ಲಿ ಅದು 50–60 ಆಂಪಿಯರ್ ದಾಟುವುದು ಸಾಮಾನ್ಯ. ಯೂರೋಪ್ ಮೊದಲಾದ 230 ವೋಲ್ಟ್ ಪ್ರದೇಶಗಳ ಕ್ಯಾರವಾನ್ ಎಸಿಗಳು ಗಾತ್ರದಲ್ಲೂ ಚಿಕ್ಕವು, ವೋಲ್ಟೇಜ್ ಕೂಡ ಹೆಚ್ಚು. ಹೀಗಾಗಿ ಅವು ಸಾಮಾನ್ಯವಾಗಿ 3ರಿಂದ 5 ಆಂಪಿಯರ್‌ನಲ್ಲೇ ಓಡುತ್ತವೆ. ಇದು ದೊಡ್ಡ ವ್ಯತ್ಯಾಸ. ಒಂದು ವ್ಯವಸ್ಥೆಗೆ ಹೇಳಿದ ಸಲಹೆಯನ್ನು ಇನ್ನೊಂದಕ್ಕೆ ಹಾಗೆಯೇ ಒಯ್ದರೆ ಒಂದೋ ಅನಗತ್ಯ ತೂಕ ಹೊರುತ್ತೀರಿ, ಇಲ್ಲವೇ ಪ್ಲಗ್ ಸುಡುತ್ತೀರಿ.

ಎಸಿ ಒಂದನ್ನೇ ಲೆಕ್ಕಕ್ಕೆ ಹಿಡಿಯಬೇಡಿ. ವಾಹನದ ಬ್ಯಾಟರಿ ಚಾರ್ಜರ್, ಫ್ರಿಜ್, ನೀರು ಕಾಯಿಸುವ ಹೀಟರ್, ಮೈಕ್ರೋವೇವ್ ಎಲ್ಲವೂ ಅದೇ ಕೇಬಲಿನಿಂದಲೇ ಕರೆಂಟ್ ಪಡೆಯುತ್ತವೆ. ಖಾಲಿಯಾದ ಬ್ಯಾಟರಿಗೆ ಚಾರ್ಜರ್ ಪೂರ್ತಿ ಶಕ್ತಿ ಹರಿಸುವಾಗ 120 ವೋಲ್ಟ್‌ನಲ್ಲಿ ಐದಾರು ಆಂಪಿಯರ್ ಸುಲಭವಾಗಿ ಹೋಗುತ್ತದೆ. ಚಿಕ್ಕ ಸಾಕೆಟ್‌ಗೆ ಕಟ್ಟಿಕೊಂಡಿರುವಾಗ ಫ್ರಿಜ್ ಮತ್ತು ಹೀಟರನ್ನು ಗ್ಯಾಸ್‌ಗೆ ಬದಲಾಯಿಸುವುದು ಮೊದಲ ಕೆಲಸ.

ಹಂತ 2: ಸಾಕೆಟ್‌ನ ಹಿಂದೆ ಏನಿದೆ ಎಂದು ತಿಳಿದುಕೊಳ್ಳಿ

ಕೇಬಲ್ ಎಷ್ಟೇ ದಪ್ಪವಿದ್ದರೂ ಗೋಡೆಯೊಳಗಿನ ವೈರಿಂಗ್ ಮತ್ತು ಬ್ರೇಕರ್ ಕೊಡುವುದಕ್ಕಿಂತ ಹೆಚ್ಚು ಕರೆಂಟ್ ಸಿಗುವುದಿಲ್ಲ. ಆ ಸಾಕೆಟ್‌ಗೆ ಸೇರಿದ ಬ್ರೇಕರ್ ಯಾವುದು, ಎಷ್ಟು ಆಂಪಿಯರ್‌ನದು, ಅದೇ ಬ್ರೇಕರ್ ಮೇಲೆ ಬೇರೆ ಯಾವ ಕೋಣೆಗಳ ಲೋಡ್ ಇದೆ ಎಂದು ನೋಡಿ. ಬ್ರೇಕರ್ ಆಫ್ ಮಾಡಿ ಯಾವ ದೀಪಗಳು ಆರಿದವು ಎಂದು ಸುತ್ತಾಡಿ ನೋಡುವುದೇ ನಂಬಿಕೆಯ ವಿಧಾನ.

ಅಮೆರಿಕದ ವೈರಿಂಗ್‌ನಲ್ಲಿ ಮೂರು ತಾಸು ಅಥವಾ ಹೆಚ್ಚು ಹೊತ್ತು ಓಡುವ ಲೋಡ್‌ಗೆ ಬ್ರೇಕರ್‌ನ ಶೇ. 80ರಷ್ಟನ್ನು ಮಾತ್ರ ಬಳಸುವ ರೂಢಿಯಿದೆ. 15 ಆಂಪಿಯರ್ ಬ್ರೇಕರ್‌ಗೆ ಅದು 12 ಆಗುತ್ತದೆ, 20ಕ್ಕೆ 16. ಬೇಸಿಗೆಯ ಮಧ್ಯಾಹ್ನ ಎಸಿ ಗಂಟೆಗಟ್ಟಲೆ ನಿಲ್ಲದೆ ಓಡುವುದರಿಂದ ಈ ಮಿತಿ ಅದಕ್ಕೂ ಪೂರ್ತಿಯಾಗಿ ಅನ್ವಯಿಸುತ್ತದೆ. ಹಾಗಾಗಿ 13 ಆಂಪಿಯರ್ ಎಳೆಯುವ ಎಸಿಯನ್ನು 15ರ ಸಾಕೆಟ್ ಮೇಲೆ ನಡೆಸುವುದನ್ನು ನಾನು ಒಪ್ಪುವುದಿಲ್ಲ, ಅದು ಕೆಲವು ದಿನ ನಡೆದರೂ ಸಹ. 20ರದ್ದು ಹುಡುಕಿ, ಅದರ ಮೇಲಿನ ಬೇರೆ ಎಲ್ಲ ಲೋಡ್ ತೆಗೆಯಿರಿ. ಯೂರೋಪಿನ ಕ್ಯಾಂಪಿಂಗ್ ತಾಣಗಳಲ್ಲಿ ನೀಲಿ ಬಣ್ಣದ 16 ಆಂಪಿಯರ್ ಸಾಕೆಟ್ ಇದ್ದರೂ ಹಿಂದಿನ ಬ್ರೇಕರ್ 6 ಅಥವಾ 10 ಆಂಪಿಯರ್‌ನದ್ದಾಗಿರಬಹುದು. 6 ಆಂಪಿಯರ್ ಎಂದರೆ 230 ವೋಲ್ಟ್‌ನಲ್ಲಿ 1,380 ವ್ಯಾಟ್. ಎಸಿ ಓಡುತ್ತಿರುವಾಗ ಕೆಟಲ್ ಹಾಕಿದರೆ ಬ್ರೇಕರ್ ಬೀಳುತ್ತದೆ.

ಮೋಟರ್‌ಹೋಮ್‌ಗೆಂದೇ ಮನೆಯಲ್ಲಿ 30 ಆಂಪಿಯರ್ ಸಾಕೆಟ್ ಹಾಕಿಸಿಕೊಂಡವರಿಗೆ ಒಂದು ಗಂಭೀರ ಎಚ್ಚರಿಕೆ. ಉತ್ತರ ಅಮೆರಿಕದಲ್ಲಿ ಟಿಟಿ-30 ಎಂಬ ಮೋಟರ್‌ಹೋಮ್ ಸಾಕೆಟ್ 120 ವೋಲ್ಟ್‌ನದು. ಬಟ್ಟೆ ಒಣಗಿಸುವ ಯಂತ್ರದ 30 ಆಂಪಿಯರ್ ಸಾಕೆಟ್ 240 ವೋಲ್ಟ್‌ನದು. ಮೋಟರ್‌ಹೋಮ್ ಕೆಲಸ ಮಾಡಿ ಅಭ್ಯಾಸವಿಲ್ಲದ ಎಲೆಕ್ಟ್ರಿಷಿಯನ್, "30 ಆಂಪಿಯರ್" ಎಂದೊಡನೆ ಅಭ್ಯಾಸಬಲದಿಂದ 240 ವೋಲ್ಟ್ ಕೊಟ್ಟುಬಿಡುವುದು ಮತ್ತೆ ಮತ್ತೆ ನಡೆಯುವ ತಪ್ಪು. ಹಾಗೆ ಕೊಟ್ಟ ಸಾಕೆಟ್‌ಗೆ ವಾಹನ ಜೋಡಿಸಿದರೆ ಎಸಿಯ ಬೋರ್ಡ್, ಮೈಕ್ರೋವೇವ್, ಚಾರ್ಜರ್ ಒಂದೇ ಏಟಿಗೆ ಹೋಗುತ್ತವೆ. ಹೊಸ ಸಾಕೆಟ್‌ಗೆ ಮೊದಲ ಬಾರಿ ಜೋಡಿಸುವ ಮುನ್ನ ಮಲ್ಟಿಮೀಟರ್‌ನಿಂದ ಅಳೆಯದೆ ಇರಬೇಡಿ.

50 ಆಂಪಿಯರ್‌ನ ನಾಲ್ಕು ಪಿನ್ ವಾಹನಗಳಲ್ಲಿ ಎರಡು ಪ್ರತ್ಯೇಕ ಫೇಸ್ ಬರುತ್ತವೆ, ಒಂದೊಂದರಲ್ಲೂ 50 ಆಂಪಿಯರ್. ಅಡಾಪ್ಟರ್ ಹಾಕಿ ಅದನ್ನು 30ಕ್ಕೋ 15ಕ್ಕೋ ಇಳಿಸಿದಾಗ ಎರಡೂ ಬದಿ ಒಂದೇ ತಂತಿಯ ಮೇಲೆ ಬೀಳುತ್ತವೆ. ಎರಡು ಎಸಿ ಇರುವ ವಾಹನದಲ್ಲಿ ಆಗ ಒಂದನ್ನಷ್ಟೇ ನಡೆಸಬೇಕು.

ಹಂತ 3: ಉದ್ದ ಅಳೆಯಿರಿ, ಆಮೇಲೆ ವಾಹನ ಸರಿಸಿ

ಹಗ್ಗ ಹಿಡಿದು ಸಾಕೆಟ್‌ನಿಂದ ವಾಹನದ ಇನ್‌ಲೆಟ್‌ವರೆಗೆ (ವಾಹನ ಹೊರಗಿನ ಕರೆಂಟ್ ಪಡೆಯುವ ಜೋಡಣೆ) ಕೇಬಲ್ ನಿಜವಾಗಿ ಹೋಗುವ ದಾರಿಯಲ್ಲೇ ಅಳೆಯಿರಿ. ಬಾಗಿಲು ಸುತ್ತಿ, ಗೋಡೆಯ ಅಂಚಿನಲ್ಲಿ, ನೆಲದ ಮೇಲೆ ಹೋಗಬೇಕು. ಒಂದೆರಡು ಮೀಟರ್ ಸಡಿಲ ಬಿಡಿ, ಅದಕ್ಕಿಂತ ಹೆಚ್ಚು ಬೇಡ.

ಅಳತೆ 20 ಮೀಟರ್ ಬಂದರೆ 20 ಮೀಟರ್‌ನ ಕೇಬಲ್ ಹುಡುಕಲು ಹೊರಡುವ ಮೊದಲು, ವಾಹನವನ್ನು ತಿರುಗಿಸಿ ನಿಲ್ಲಿಸಿದರೆ ಎಷ್ಟಾಗುತ್ತದೆ ಎಂದು ನೋಡಿ. ಇನ್‌ಲೆಟ್ ಬಹುತೇಕ ಒಂದೇ ಬದಿಯಲ್ಲಿರುತ್ತದೆ. ಮುಂಭಾಗ ಒಳಗೆ ಮಾಡಿ ನಿಲ್ಲಿಸುವ ಬದಲು ಹಿಂಭಾಗ ಒಳಗೆ ಮಾಡಿದರೆ ಏಳೆಂಟು ಮೀಟರ್ ಉಳಿಯುವುದುಂಟು. ಉದ್ದ ಅರ್ಧವಾದರೆ ವೋಲ್ಟೇಜ್ ಇಳಿತವೂ ಅರ್ಧ. ಕೇಬಲಿನ ವಿಷಯದಲ್ಲಿ ಖರ್ಚಿಲ್ಲದೆ ಸಿಗುವ ಒಂದೇ ಸುಧಾರಣೆ ಇದು.

ಹಂತ 4: ದಪ್ಪದ ಲೆಕ್ಕ

ಇದನ್ನು ನಿಧಾನವಾಗಿ ಮಾಡಿ. ಅಂಗಡಿಯ ಪೆಟ್ಟಿಗೆಯ ಮೇಲೆ "ಹೆವಿ ಡ್ಯೂಟಿ" ಎಂದು ಬರೆದಿರುವುದಕ್ಕೆ ಯಾವ ಅಳತೆಯೂ ಇಲ್ಲ. ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ ನಿಜ.

ಎರಡು ಪದ್ಧತಿಗಳಿವೆ. ಹೆಚ್ಚಿನ ದೇಶಗಳಲ್ಲಿ ಚದರ ಮಿಲಿಮೀಟರ್‌ನಲ್ಲಿ ಹೇಳುತ್ತಾರೆ: 1.5, 2.5, 4, 6. ಉತ್ತರ ಅಮೆರಿಕದಲ್ಲಿ ಗೇಜ್ ಸಂಖ್ಯೆ, ಅದು ತಿರುಗುಮುರುಗು. ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. 16 ಗೇಜ್ ಎಂದರೆ 1.31 ಚದರ ಮಿಲಿಮೀಟರ್, 14 ಎಂದರೆ 2.08, 12 ಎಂದರೆ 3.31, 10 ಎಂದರೆ 5.26. ಕೇಬಲಿನ ಮೇಲೆ 12/3 ಎಂದು ಅಚ್ಚಾಗಿದ್ದರೆ 12 ಗೇಜ್‌ನ ಮೂರು ತಂತಿಗಳು ಎಂದರ್ಥ: ಫೇಸ್, ನ್ಯೂಟ್ರಲ್, ಅರ್ತ್.

ಕೇಬಲಿನಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂದು ತಿಳಿಯಲು ನಾನು ಬಳಸುವ ಸೂತ್ರ ಸರಳವಾಗಿದೆ. ಕೇಬಲಿನ ಉದ್ದವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಆಂಪಿಯರ್‌ನಿಂದ ಗುಣಿಸಿ. ಬಂದದ್ದನ್ನು ಚದರ ಮಿಲಿಮೀಟರ್‌ನಿಂದ ಭಾಗಿಸಿ, ಮತ್ತೆ 25ರಿಂದ ಭಾಗಿಸಿ. ಉತ್ತರ ವೋಲ್ಟ್‌ನಲ್ಲಿ ಬರುತ್ತದೆ. ಕರೆಂಟ್ ಹೋಗಿ ಮರಳಿ ಬರಬೇಕಾದ ಎರಡು ಪಟ್ಟು ದೂರ ಆ 25ರಲ್ಲೇ ಸೇರಿದೆ. ತಾಮ್ರ ಸುಮಾರು 60 ಡಿಗ್ರಿಗೆ ಕಾದಾಗ ಏರುವ ರೋಧವನ್ನೂ ಅದರಲ್ಲಿ ಹಿಡಿದಿದ್ದೇನೆ, ಏಕೆಂದರೆ ನಮಗೆ ಬೇಕಾಗಿರುವುದು ಮಧ್ಯಾಹ್ನದ ಲೆಕ್ಕ.

120 ವೋಲ್ಟ್, 15 ಆಂಪಿಯರ್, 15 ಮೀಟರ್ ಕೇಬಲ್‌ಗೆ ಹಾಕಿ ನೋಡೋಣ:

| ಗೇಜ್ | ಓಡುವಾಗ ಇಳಿತ | 60 ಆಂಪಿಯರ್ ಎಳೆಯುವ ಕ್ಷಣದಲ್ಲಿ |
|---|---|---|
| 16 | 6.9 ವೋಲ್ಟ್ | 27 ವೋಲ್ಟ್ |
| 14 | 4.3 ವೋಲ್ಟ್ | 17 ವೋಲ್ಟ್ |
| 12 | 2.7 ವೋಲ್ಟ್ | 11 ವೋಲ್ಟ್ |
| 10 | 1.7 ವೋಲ್ಟ್ | 7 ವೋಲ್ಟ್ |

ಪಟ್ಟಿಯ ಕೊನೆಯ ಕಾಲಂ ಅನ್ನು ಇನ್ನೊಮ್ಮೆ ನೋಡಿ. ಎಸಿಯ ಕಂಪ್ರೆಸರ್‌ನೊಳಗಿನ ಮೋಟರ್‌ನ ತಿರುಗಿಸುವ ಬಲ ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ವೋಲ್ಟೇಜ್ ಶೇ. 90ಕ್ಕೆ ಇಳಿದರೆ ಬಲ ಶೇ. 81ಕ್ಕೆ ಇಳಿಯುತ್ತದೆ. 16 ಗೇಜ್ ಕೇಬಲಿನಲ್ಲಿ 27 ವೋಲ್ಟ್ ಕಳೆದು ಎಸಿಗೆ 93 ವೋಲ್ಟ್ ಮುಟ್ಟಿದರೆ ಬಲ ಶೇ. 60ರಷ್ಟೇ ಉಳಿಯುತ್ತದೆ. ಅಷ್ಟು ಬಲದಲ್ಲಿ ಕಂಪ್ರೆಸರ್ ತಿರುಗದೆ ಗುಂಯ್‌ಗುಡುತ್ತ ನಿಲ್ಲಬಹುದು. ತಿರುಗದೆ ನಿಂತಷ್ಟು ಹೊತ್ತೂ ಆ ಭಾರೀ ಕರೆಂಟ್ ಹರಿಯುತ್ತಲೇ ಇರುತ್ತದೆ, ಸುರುಳಿ ಕಾಯುತ್ತದೆ, ಒಳಗಿನ ರಕ್ಷಣಾ ಸ್ವಿಚ್ ಕಡಿಯುತ್ತದೆ, ತಣಿದ ಮೇಲೆ ಮತ್ತೆ ಪ್ರಯತ್ನಿಸುತ್ತದೆ. ಹೀಗೆ ಒದ್ದಾಡಿಸಿದ ಕಂಪ್ರೆಸರ್ ಬೇಗ ಸಾಯುತ್ತದೆ. ಕೇಬಲಿನಲ್ಲಿ ಉಳಿಸಿದ ಹಣದ ಎಷ್ಟೋ ಪಟ್ಟು ಅಲ್ಲಿ ಹೋಗುತ್ತದೆ.

ಓಡುವಾಗಿನ ಇಳಿತವೂ ಮುಖ್ಯವೇ, ಅದು ಶಾಖವಾಗಿ ಹೊರಬೀಳುತ್ತದೆ. 6.9 ವೋಲ್ಟ್‌ಗೆ 15 ಆಂಪಿಯರ್ ಗುಣಿಸಿದರೆ 103 ವ್ಯಾಟ್. ಹದಿನೈದು ಮೀಟರ್ ಉದ್ದಕ್ಕೂ ಹರಡಿದ್ದರೆ ಕೇಬಲ್ ಬೆಚ್ಚಗಾಗುತ್ತದೆ. ಸುರುಳಿ ಸುತ್ತಿ ಮೂಲೆಯಲ್ಲಿಟ್ಟಿದ್ದರೆ ಆ ಸುರುಳಿಯೊಳಗೆ ನೂರು ವ್ಯಾಟ್‌ನ ಬಲ್ಬ್ ಹುಗಿದಿಟ್ಟಂತೆ. 12 ಗೇಜ್‌ನಲ್ಲಿ ಅದೇ ಕೆಲಸಕ್ಕೆ 41 ವ್ಯಾಟ್.

ಕೇಬಲ್ ಒಂದರಲ್ಲೇ ಆಗುವ ಇಳಿತ ಶೇ. 3 ಮೀರದಂತೆ ನೋಡಿಕೊಳ್ಳಿ. ಗೋಡೆಯೊಳಗಿನ ವೈರಿಂಗ್ ಕೂಡ ತನ್ನ ಪಾಲು ತಿನ್ನುತ್ತದೆ, ಒಟ್ಟು ಶೇ. 5 ಮೀರಬಾರದು. ಇದರಿಂದ ನನ್ನ ತೀರ್ಮಾನ: 120 ವೋಲ್ಟ್‌ನಲ್ಲಿ 15 ಮೀಟರ್‌ವರೆಗೆ 12 ಗೇಜ್ ಕನಿಷ್ಠ. ಅದಕ್ಕಿಂತ ಉದ್ದಕ್ಕೆ 10 ಗೇಜ್. 30 ಮೀಟರ್‌ನಲ್ಲಿ 12 ಗೇಜ್ 5.4 ವೋಲ್ಟ್ ಕಳೆಯುತ್ತದೆ, ಅಂದರೆ ಶೇ. 4.5. 10 ಗೇಜ್ 3.4 ವೋಲ್ಟ್‌ನಲ್ಲಿ ನಿಲ್ಲುತ್ತದೆ. 14 ಗೇಜ್‌ನ ಕೇಬಲ್‌ಗೆ "15 ಆಂಪಿಯರ್" ಎಂದು ಬರೆದಿರುವುದು ಸುಳ್ಳಲ್ಲ, ಆದರೆ ಅದು ಕೇಬಲ್ ತಾನು ಸುಡದೆ ಇರುವ ಮಿತಿ. ಎಸಿ ಚಾಲೂ ಆಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. 16 ಗೇಜ್‌ನ ಕೇಬಲನ್ನು ಎಸಿಯ ಹತ್ತಿರ ತರಲೇಬೇಡಿ.

230 ವೋಲ್ಟ್‌ನವರಿಗೆ ಲೆಕ್ಕ ಹಗುರ. 5 ಆಂಪಿಯರ್‌ಗೆ 25 ಮೀಟರ್ ಉದ್ದದ 2.5 ಚದರ ಮಿಲಿಮೀಟರ್ ಕೇಬಲ್ 2 ವೋಲ್ಟ್ ಕಳೆಯುತ್ತದೆ, ಶೇ. 1ಕ್ಕೂ ಕಡಿಮೆ. ಯೂರೋಪಿನ ಕ್ಯಾಂಪಿಂಗ್ ಕೇಬಲ್ ಬಹುತೇಕ ಇದೇ ಅಳತೆಯಲ್ಲಿ, ನೀಲಿ ಪ್ಲಗ್‌ನೊಂದಿಗೆ ಬರುತ್ತದೆ, ಅದನ್ನೇ ಕೊಳ್ಳಿ. 1.5ರ ತೆಳು ಕೇಬಲ್ ಎಸಿಯನ್ನು ನಡೆಸಬಲ್ಲದು. ಆದರೆ ಅದೇ ಕೇಬಲಿನ ಮೇಲೆ ಹೀಟರ್, ಕೆಟಲ್ ಎಲ್ಲ ಸೇರಿ 16 ಆಂಪಿಯರ್ ಹರಿಯುವ ದಿನ ಬಂದೇ ಬರುತ್ತದೆ.

ಹಂತ 5: ಒಳಗಿರುವುದು ತಾಮ್ರವೇ?

ಅಗ್ಗದ ಕೇಬಲ್‌ಗಳಲ್ಲಿ ತಾಮ್ರದ ಲೇಪ ಹೊದ್ದ ಅಲ್ಯೂಮಿನಿಯಂ ಎಳೆಗಳಿರುತ್ತವೆ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಶೇ. 61ರಷ್ಟು ಮಾತ್ರ. ಹಾಗಾಗಿ ಮೇಲಿನ ಲೆಕ್ಕವೆಲ್ಲ ಅಲ್ಲಿ ತಲೆಕೆಳಗಾಗುತ್ತದೆ. ಸ್ಕ್ರೂ ಬಿಗಿದ ಕಡೆ ಅದು ಕಾಲಕ್ರಮೇಣ ಸಡಿಲವಾಗುವುದು ಇನ್ನೊಂದು ಕೇಡು.

ಕೊಳ್ಳುವ ಮೊದಲು ಕತ್ತರಿಸಿ ನೋಡಲಾಗುವುದಿಲ್ಲ, ಆದರೆ ತೂಗಿ ನೋಡಬಹುದು. 15 ಮೀಟರ್ ಉದ್ದದ 12/3 ಕೇಬಲಿನಲ್ಲಿ ತಾಮ್ರವೊಂದೇ ಸುಮಾರು 1.3 ಕಿಲೋ ಇರಬೇಕು. ರಬ್ಬರ್, ಪ್ಲಗ್ ಎಲ್ಲ ಇದರ ಮೇಲೆ. 10/3 ಆದರೆ 2.1 ಕಿಲೋ. 25 ಮೀಟರ್‌ನ 2.5 ಚದರ ಮಿಲಿಮೀಟರ್ ಮೂರು ತಂತಿಯ ಕೇಬಲಿನಲ್ಲಿ 1.7 ಕಿಲೋ. ಪೆಟ್ಟಿಗೆಯ ಮೇಲಿನ ಒಟ್ಟು ತೂಕವೇ ಇದಕ್ಕಿಂತ ಕಡಿಮೆಯಿದ್ದರೆ ಒಳಗೆ ಹೇಳಿದಷ್ಟು ತಾಮ್ರ ಇಲ್ಲ. ಮನೆಯಲ್ಲಿರುವ ಹಳೆಯ ಕೇಬಲ್ ಆದರೆ ಒಂದು ಎಳೆಯನ್ನು ಬ್ಲೇಡ್‌ನಿಂದ ಕೆರೆದು ನೋಡಿ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ.

ಹಂತ 6: ಹೊರಕವಚದ ಅಕ್ಷರಗಳು

ಅಮೆರಿಕದ ಕೇಬಲ್‌ಗಳ ಮೇಲೆ ಎಸ್‌ಜೆಟಿಡಬ್ಲ್ಯು, ಎಸ್‌ಟಿಡಬ್ಲ್ಯು ಮುಂತಾದ ಅಕ್ಷರಗಳ ಸಾಲು ಅಚ್ಚಾಗಿರುತ್ತದೆ. ಅದರಲ್ಲಿ ಡಬ್ಲ್ಯು ಇರಲೇಬೇಕು, ಅದು ಬಿಸಿಲು ಮಳೆಗೆ ತಡೆಯುವ ಕವಚದ ಗುರುತು. ಜೆ ಇದ್ದರೆ ಕವಚ ತುಸು ತೆಳು, 300 ವೋಲ್ಟ್ ದರ್ಜೆಯದು. ಜೆ ಇಲ್ಲದ್ದು 600 ವೋಲ್ಟ್ ದರ್ಜೆಯ ದಪ್ಪ ಕವಚ. ಒ ಎಂದರೆ ಎಣ್ಣೆಗೆ ಕೆಡುವುದಿಲ್ಲ. ಯೂರೋಪಿನಲ್ಲಿ ಎಚ್07ಆರ್‌ಎನ್-ಎಫ್ ಎಂಬ ರಬ್ಬರ್ ಕೇಬಲ್ ಹೊರಾಂಗಣಕ್ಕೆ ನೆಚ್ಚಬಹುದಾದದ್ದು, ಚಳಿಯಲ್ಲೂ ಬಿರುಸಾಗುವುದಿಲ್ಲ. ಬಣ್ಣ ಎದ್ದು ಕಾಣುವಂತಿರಲಿ, ರಾತ್ರಿ ಯಾರೂ ಎಡವಬಾರದು.

ಹಂತ 7: ಪ್ಲಗ್, ಎಲ್ಲಕ್ಕಿಂತ ದುರ್ಬಲ ಕೊಂಡಿ

ನನ್ನ ಪೆಟ್ಟಿಗೆಯಲ್ಲಿರುವ ಪ್ಲಗ್‌ನ ಕೇಬಲ್ ಇಂದಿಗೂ ಚೆನ್ನಾಗಿದೆ. ಸುಟ್ಟದ್ದು ತುದಿ ಮಾತ್ರ. ಹೆಚ್ಚಿನ ಅವಘಡಗಳು ಹೀಗೆಯೇ, ತಂತಿಯ ಮಧ್ಯದಲ್ಲಿ ಆಗದೆ ಲೋಹಕ್ಕೆ ಲೋಹ ತಾಗುವ ಜಾಗದಲ್ಲಿ ಆಗುತ್ತವೆ.

ಕಾರಣ ಸರಳ. ಸಾಕೆಟ್‌ನೊಳಗಿನ ಸ್ಪ್ರಿಂಗ್ ಸಡಿಲವಾಗಿದ್ದರೆ, ಪಿನ್ ಮೇಲೆ ಕಿಲುಬು ಹಿಡಿದಿದ್ದರೆ ಆ ಒಂದು ಬಿಂದುವಿನಲ್ಲಿ ರೋಧ ಹುಟ್ಟುತ್ತದೆ. ಅದು ಒಂದು ಓಮ್‌ನ ಹತ್ತನೆಯ ಒಂದು ಭಾಗ ಇದ್ದರೂ 15 ಆಂಪಿಯರ್‌ಗೆ 22 ವ್ಯಾಟ್ ಶಾಖ ಅಲ್ಲೇ, ಬೆರಳ ತುದಿಯಷ್ಟು ಜಾಗದಲ್ಲಿ ಹುಟ್ಟುತ್ತದೆ. ಚಿಕ್ಕ ಸೋಲ್ಡರಿಂಗ್ ಐರನ್ ಕಾಯುವುದು ಅಷ್ಟೇ ಶಕ್ತಿಯಲ್ಲಿ. ಕಾದ ಸ್ಪ್ರಿಂಗ್ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಬಿಗಿ ಹೋದಂತೆ ಶಾಖ ಇನ್ನಷ್ಟು ಏರುತ್ತದೆ. ಬ್ರೇಕರ್‌ಗೆ ಇದೊಂದೂ ತಿಳಿಯುವುದಿಲ್ಲ, ಏಕೆಂದರೆ ಕರೆಂಟ್ ಹೆಚ್ಚಾಗಿಲ್ಲ.

ಆದ್ದರಿಂದ ಪ್ಲಗ್ ಹಾಕುವಾಗ ಕೈಗೆ ಬಿಗಿ ತಿಳಿಯಬೇಕು. ತನ್ನ ಭಾರಕ್ಕೇ ಜಾರಿ ಜೋತುಬೀಳುವ ಸಾಕೆಟ್ ಎಸಿಗೆ ಯೋಗ್ಯವಲ್ಲ, ಅದನ್ನು ಬದಲಿಸಿದ ಮೇಲೆಯೇ ಮುಂದಿನ ಮಾತು. ಒಂದಕ್ಕೊಂದು ಪೋಣಿಸಿದ ಎರಡು ಕೇಬಲ್ ಬೇಡ, ಪ್ರತಿ ಜೋಡಣೆಯೂ ಇನ್ನೊಂದು ಸುಡುವ ಜಾಗ. ಒಂದರಿಂದ ಮೂರು ಮಾಡುವ ಅಡಾಪ್ಟರ್ ಬೇಡ. ಸ್ಪೈಕ್ ಬಸ್ಟರ್ ಅಂತೂ ಖಂಡಿತ ಬೇಡ.

30 ಆಂಪಿಯರ್ ವಾಹನ ಇರುವವರಿಗೆ ಇಲ್ಲಿ ಒಂದು ಒಳ್ಳೆಯ ದಾರಿಯಿದೆ. ಅನೇಕರು ಮನೆಬಳಕೆಯ ಕೇಬಲನ್ನು ಗೋಡೆಯಿಂದ ವಾಹನದವರೆಗೆ ಎಳೆದು, ವಾಹನದ ಬಳಿ 30ಕ್ಕೆ ಹೊಂದಿಸುವ ಅಡಾಪ್ಟರ್ ಹಾಕುತ್ತಾರೆ. ಇದನ್ನು ತಿರುವಿಹಾಕಿ. 10 ಗೇಜ್‌ನ 30 ಆಂಪಿಯರ್ ಎಕ್ಸ್‌ಟೆನ್ಷನ್ ಕೇಬಲನ್ನೇ ಕೊಂಡು, ಅಡಾಪ್ಟರನ್ನು ಗೋಡೆಯ ಬದಿಯಲ್ಲಿ ಹಾಕಿ. ಆಗ ಇಡೀ ಉದ್ದಕ್ಕೆ ದಪ್ಪ ತಾಮ್ರ ಇರುತ್ತದೆ, ವಾಹನದ ಬದಿಯ ಜೋಡಣೆ ದೊಡ್ಡ ಪಿನ್‌ಗಳದ್ದಾಗುತ್ತದೆ, ಚಿಕ್ಕ ಪ್ಲಗ್ ಒಂದೇ ಒಂದು ಉಳಿಯುತ್ತದೆ ಮತ್ತು ಅದು ಕೈಯಿಂದ ಮುಟ್ಟಿ ನೋಡಬಹುದಾದ ಜಾಗದಲ್ಲಿರುತ್ತದೆ. ಮುಂದೆ 30 ಆಂಪಿಯರ್ ಸಾಕೆಟ್ ಸಿಕ್ಕಲ್ಲಿ ಅದೇ ಕೇಬಲ್ ನೇರವಾಗಿ ಒದಗುತ್ತದೆ. ಅಡಾಪ್ಟರ್ ಹಾಕಿದ ಮಾತ್ರಕ್ಕೆ ಸಾಕೆಟ್ 30 ಆಂಪಿಯರ್‌ನದ್ದಾಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ಹಂತ 8: ಅರ್ತ್ ಪಿನ್

ಮೋಟರ್‌ಹೋಮ್ ರಬ್ಬರ್ ಚಕ್ರಗಳ ಮೇಲೆ ನಿಂತ ಲೋಹದ ಪೆಟ್ಟಿಗೆ. ಒಳಗೆ ಎಲ್ಲೋ ವೈರ್ ಸೋರಿ ಮೈಗೆ ಕರೆಂಟ್ ತಾಗಿದರೆ ಅದು ನೆಲಕ್ಕೆ ಹೋಗಲು ಇರುವ ದಾರಿ ನಿಮ್ಮ ಕೇಬಲಿನ ಅರ್ತ್ ತಂತಿ ಮಾತ್ರ. ಅದು ಕಡಿದಿದ್ದರೆ ವಾಹನದ ಮೈ ಜೀವಂತವಾಗಿ ಕಾಯುತ್ತಿರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಹಿಡಿದವರ ಮೂಲಕವೇ ಆ ಕರೆಂಟ್ ನೆಲ ಸೇರುತ್ತದೆ. ಎಸಿ ಓಡುತ್ತಿದೆಯೇ ಇಲ್ಲವೇ ಎಂಬುದರಿಂದ ಇದು ಗೊತ್ತಾಗುವುದಿಲ್ಲ, ಅರ್ತ್ ಇಲ್ಲದೆಯೂ ಎಲ್ಲವೂ ಓಡುತ್ತದೆ.

ಅರ್ತ್ ಪಿನ್ ಮುರಿದ ಕೇಬಲ್ ಬಳಸಬೇಡಿ, ಎರಡು ಪಿನ್ನಿನ ಸಾಕೆಟ್‌ಗೆ ಹೊಂದಿಸಲು ಆ ಪಿನ್ ಕತ್ತರಿಸಲೂಬೇಡಿ. ಕೇಬಲ್ ಎಲ್ಲಿಗೂ ಜೋಡಿಸದೆ ಇರುವಾಗ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದು ತುದಿಯ ಅರ್ತ್‌ನಿಂದ ಇನ್ನೊಂದು ತುದಿಯ ಅರ್ತ್‌ಗೆ ಅಳೆಯಿರಿ, ಸೊನ್ನೆಯ ಹತ್ತಿರ ತೋರಿಸಬೇಕು. ವಾಹನ ಜೋಡಿಸಿದ ಮೇಲೆ ಮೈಗೆ ತಾಗಿಸದೆ ಕರೆಂಟ್ ಪತ್ತೆಹಚ್ಚುವ ಟೆಸ್ಟರ್ ಪೆನ್ನನ್ನು ಬಾಗಿಲ ಬಳಿ ಹಿಡಿಯಿರಿ. ಅದು ಕೂಗಿದರೆ ಯಾರೂ ವಾಹನ ಮುಟ್ಟದೆ ಮೊದಲು ಬ್ರೇಕರ್ ಆಫ್ ಮಾಡಬೇಕು. ಸೋರಿಕೆ ಕಂಡು ಕಡಿಯುವ ಆರ್‌ಸಿಡಿ ಅಥವಾ ಜಿಎಫ್‌ಸಿಐ ಇರುವ ಸಾಕೆಟ್ ಪದೇ ಪದೇ ಬೀಳುತ್ತಿದ್ದರೆ ಅದು ಇಲ್ಲದ ಸಾಕೆಟ್ ಹುಡುಕುವುದು ಪರಿಹಾರವಲ್ಲ, ಸೋರಿಕೆ ಎಲ್ಲಿದೆ ಎಂದು ಹುಡುಕಬೇಕು.

ಹಂತ 9: ಎಳೆಯುವುದು ಮತ್ತು ಜೋಡಿಸುವ ಕ್ರಮ

ಕೇಬಲನ್ನು ರೀಲ್‌ನಿಂದ ಪೂರ್ತಿ ಬಿಚ್ಚಿ. ರೀಲ್ ಮೇಲೆಯೇ ಎರಡು ಅಂಕಿ ಬರೆದಿರುತ್ತಾರೆ, ಸುತ್ತಿದ್ದಾಗ ಇಷ್ಟು ವ್ಯಾಟ್, ಬಿಚ್ಚಿದಾಗ ಇಷ್ಟು ಎಂದು. ಎರಡರ ಅಂತರ ಮೂರು ಪಟ್ಟೂ ಇರುವುದುಂಟು. ಹೆಚ್ಚಿಗೆ ಉಳಿದ ಉದ್ದವನ್ನು ಬಿಗಿಯಾಗಿ ಸುತ್ತದೆ ನೆಲದ ಮೇಲೆ ಅಗಲವಾದ ಹಾವಿನ ನಡೆಯಂತೆ ಹರಡಿ. ಕಂಬಳಿ, ಚಾಪೆಗಳ ಅಡಿ ಬೇಡ, ಬಾಗಿಲ ಸಂದಿನಲ್ಲಿ ಬೇಡ, ಚಕ್ರದ ದಾರಿಯಲ್ಲಿ ಬೇಡ. ನೆರಳಿನಲ್ಲಿ ಹಾಯಿಸಲು ಆದರೆ ಹಾಗೆ ಮಾಡಿ. ಜೋಡಣೆಗಳು ನೆಲದಿಂದ ಮೇಲಿರಲಿ. ಇನ್‌ಲೆಟ್‌ಗೆ ಮುನ್ನ ಕೇಬಲ್ ಸ್ವಲ್ಪ ಕೆಳಗಿಳಿದು ಮತ್ತೆ ಏರುವಂತಿದ್ದರೆ ಮಳೆನೀರು ಕೆಳಗೇ ತೊಟ್ಟಿಕ್ಕುತ್ತದೆ, ಪ್ಲಗ್‌ಗೆ ಹರಿಯುವುದಿಲ್ಲ.

ಜೋಡಿಸುವಾಗ ಎಸಿ ಆಫ್, ಮೂಲದ ಬ್ರೇಕರ್ ಆಫ್. ಮೊದಲು ವಾಹನದ ಬದಿ ಜೋಡಿಸಿ, ಆಮೇಲೆ ಸಾಕೆಟ್‌ನ ಬದಿ. ಬ್ರೇಕರ್ ಆನ್ ಮಾಡಿ ವೋಲ್ಟೇಜ್ ನೋಡಿ. ಒಂದೆರಡು ನಿಮಿಷದ ನಂತರ ಎಸಿಯ ಫ್ಯಾನ್, ಅದಾದ ಮೇಲೆ ಕೂಲಿಂಗ್. ಬಿಚ್ಚುವಾಗ ಇದರ ತಿರುಗುಮುರುಗು. ಎಸಿ ಓಡುತ್ತಿರುವಾಗ ಪ್ಲಗ್ ಎಳೆದರೆ ಕಿಡಿ ಹಾರಿ ಪಿನ್ ಮೇಲೆ ಗುಳಿ ಬೀಳುತ್ತದೆ, ಮುಂದಿನ ಸಲ ಸುಡುವುದು ಆ ಗುಳಿಯಿಂದಲೇ. ಕಂಪ್ರೆಸರ್ ಒಮ್ಮೆ ನಿಂತರೆ ಐದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿ, ಒಳಗಿನ ಒತ್ತಡ ಸಮವಾಗಲು ಅಷ್ಟು ಹೊತ್ತು ಬೇಕು.

ಹಂತ 10: ಮಧ್ಯಾಹ್ನದ ಪರೀಕ್ಷೆ

ವಾಹನದೊಳಗಿನ ಯಾವುದಾದರೂ ಸಾಕೆಟ್‌ಗೆ ಸಿಕ್ಕಿಸುವ ಚಿಕ್ಕ ವೋಲ್ಟ್‌ಮೀಟರ್ ಸಾಕು. ಎಸಿ ಆಫ್ ಇರುವಾಗ ಒಂದು ಅಳತೆ, ಕಂಪ್ರೆಸರ್ ಓಡುವಾಗ ಇನ್ನೊಂದು. 120 ವೋಲ್ಟ್ ವ್ಯವಸ್ಥೆಯಲ್ಲಿ ಓಡುವಾಗ 108ಕ್ಕಿಂತ ಕೆಳಗೆ ಹೋದರೆ ಎಸಿ ನಿಲ್ಲಿಸಿ. 230ರಲ್ಲಿ ಆ ಗಡಿ 207. ಕಡಿಮೆ ವೋಲ್ಟೇಜ್‌ನಲ್ಲಿ ಕಂಪ್ರೆಸರ್ ಅದೇ ಕೆಲಸಕ್ಕೆ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ, ಕೇಬಲ್ ಇನ್ನೂ ಕಾಯುತ್ತದೆ.

ಇಳಿತ ಎಲ್ಲಿ ಆಗುತ್ತಿದೆ ಎಂದು ತಿಳಿಯಲು ಎಸಿ ಓಡುತ್ತಿರುವಾಗಲೇ ಗೋಡೆಯ ಜೋಡಿ ಸಾಕೆಟ್‌ನ ಖಾಲಿ ಬದಿಯಲ್ಲಿ ಅದೇ ಮೀಟರ್ ಹಾಕಿ. ಉದಾಹರಣೆಗೆ, ಆಫ್ ಇದ್ದಾಗ 121, ಓಡುವಾಗ ಗೋಡೆಯಲ್ಲಿ 114, ವಾಹನದಲ್ಲಿ 111 ಬಂದರೆ ಕೇಬಲ್ ತಿಂದದ್ದು 3 ವೋಲ್ಟ್ ಮಾತ್ರ. ಮನೆಯ ವೈರಿಂಗ್ 7 ವೋಲ್ಟ್ ತಿನ್ನುತ್ತಿದೆ, ಎಷ್ಟು ದಪ್ಪ ಕೇಬಲ್ ತಂದರೂ ಆ ಏಳು ಮರಳಿ ಬಾರದು. ಆಗ ಬ್ರೇಕರ್ ಬೋರ್ಡ್‌ಗೆ ಹತ್ತಿರವಿರುವ ಬೇರೆ ಸಾಕೆಟ್ ಹುಡುಕಿ, ಅಥವಾ ಎಲೆಕ್ಟ್ರಿಷಿಯನ್‌ರಿಂದ ಪ್ರತ್ಯೇಕ ಲೈನ್ ಎಳೆಸಿ.

ಅರ್ಧ ತಾಸಿನ ಬಳಿಕ ಪ್ಲಗ್‌ಗಳ ಹೊರಮೈಯನ್ನು, ಅಡಾಪ್ಟರನ್ನು, ಕೇಬಲಿನ ಮಧ್ಯಭಾಗವನ್ನು ಕೈಯಿಂದ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಂಡಿರಲು ಆಗದಷ್ಟು ಬಿಸಿಯಿದ್ದರೆ ಎಸಿ ನಿಲ್ಲಿಸಿ. ಮೊದಲ ಪರೀಕ್ಷೆ ಸಂಜೆ ಆಗಿದ್ದರೆ ಮರುದಿನ ಎರಡು ಗಂಟೆಗೆ ಇದನ್ನೇ ಮತ್ತೆ ಮಾಡಿ.

ಸಾಫ್ಟ್ ಸ್ಟಾರ್ಟರ್ ಮತ್ತು ಜನರೇಟರ್

ಕಂಪ್ರೆಸರನ್ನು ಮೆಲ್ಲಗೆ ಚಾಲೂ ಮಾಡುವ ಸಾಫ್ಟ್ ಸ್ಟಾರ್ಟರ್ ಎಂಬ ಸಾಧನವನ್ನು ಎಸಿಗೆ ಹಾಕಿಸಿದರೆ ಚಾಲೂ ಆಗುವ ಕ್ಷಣದ ಹೊಡೆತ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಚಿಕ್ಕ ಜನರೇಟರ್‌ನಿಂದ ನಡೆಸುವವರಿಗೆ ಅದು ವರದಾನ. ಆದರೆ ಓಡುವಾಗಿನ ಕರೆಂಟ್ ಅದರಿಂದ ಇಳಿಯುವುದಿಲ್ಲ. ಹಾಗಾಗಿ ಸಾಫ್ಟ್ ಸ್ಟಾರ್ಟರ್ ಇದೆ ಎಂದು ತೆಳು ಕೇಬಲ್ ಹಾಕಿದರೆ ಎಸಿ ಸುಲಭವಾಗಿ ಚಾಲೂ ಆಗುತ್ತದೆ, ಪ್ಲಗ್ ಮೊದಲಿನಂತೆಯೇ ಕಾಯುತ್ತದೆ. ಜನರೇಟರನ್ನು ಹೊಗೆ ಒಳಬಾರದಷ್ಟು ದೂರ ಇಡಲೇಬೇಕು, ಆ ದೂರವನ್ನು ಕೇಬಲಿನ ಲೆಕ್ಕಕ್ಕೆ ಮೊದಲೇ ಸೇರಿಸಿಕೊಳ್ಳಿ.

ಸುತ್ತಿಡುವಾಗ

ಒಣ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಅದರೊಳಗಿಂದ ಕೇಬಲ್ ಎಳೆಯುತ್ತ ಸುತ್ತಿ. ಧೂಳು ಹೋಗುತ್ತದೆ, ಕವಚದಲ್ಲಿ ಕಚ್ಚು ಬಿದ್ದಿದ್ದರೆ ಕೈಗೆ ತಿಳಿಯುತ್ತದೆ. ಕಚ್ಚು ತುದಿಯ ಹತ್ತಿರವಿದ್ದರೆ ಅಲ್ಲಿಗೆ ಕತ್ತರಿಸಿ ಅದೇ ಆಂಪಿಯರ್‌ನ ಹೊಸ ಪ್ಲಗ್ ಹಾಕಿಸಿ. ಮಧ್ಯದಲ್ಲಿದ್ದರೆ ಟೇಪ್ ಸುತ್ತಿ ಸಮಾಧಾನಪಡಬೇಡಿ, ಆ ಕೇಬಲಿನ ಎಸಿ ಸೇವೆ ಅಲ್ಲಿಗೆ ಮುಗಿಯಿತು. ಪಿನ್‌ಗಳ ಬಣ್ಣ ನೋಡಿ, ಒಂದಾದರೂ ಕಂದು ತಿರುಗಿದ್ದರೆ ಪ್ಲಗ್ ಮತ್ತು ಅದು ಕೂತಿದ್ದ ಸಾಕೆಟ್ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ. ಕೊನೆಗೆ ಕೇಬಲಿನ ಒಂದು ತುದಿಗೆ ಚೀಟಿ ಕಟ್ಟಿ, ಅಳಿಸದ ಶಾಯಿಯಲ್ಲಿ ಅದರ ಉದ್ದ, ದಪ್ಪ, ಪ್ಲಗ್‌ನ ಆಂಪಿಯರ್ ಮತ್ತು ಮಧ್ಯಾಹ್ನ ಅಳೆದ ವೋಲ್ಟೇಜ್ ಬರೆದಿಡಿ.